ರಾಜರ ಕಾಲದ ಕತ್ತಿ ಎಂದರೆ ಯಾವ ಕಾಲದ್ದು?

ಕೊಡಗಿನ ಐನ್‌ಮನೆಗಳಲ್ಲಿ ಗೋಡೆಯ ಮೇಲಿನ ಹಳೆಯ ಕತ್ತಿ ತೋರಿಸಿ ವಯಸ್ಸು ಕೇಳಿದರೆ ಬಹುತೇಕ ಸಿಗುವ ಉತ್ತರ ‘ರಾಜರ ಕಾಲದ್ದು’ ಎಂಬುದು. ರಾಜರೆಂದರೆ ಹಾಲೇರಿ ವಂಶದ ಅರಸರು. ಅವರ ಆಳ್ವಿಕೆ 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಮುಗಿಯಿತು. ಆ ಉತ್ತರವನ್ನು ಹಾಗೆಯೇ ಒಪ್ಪಿಕೊಂಡರೆ ಕೊಡಗಿನ ಒಡಿಕತ್ತಿ ಎಂಬ ಬಾಗು ಕತ್ತಿಗಳಿಗೆಲ್ಲ 190 ವರ್ಷ ದಾಟಿರಬೇಕು.

ಕೆಲವಕ್ಕೆ ನಿಜವಾಗಿಯೂ ದಾಟಿದೆ. ಆದರೆ ಒಡಿಕತ್ತಿ ಮಾಡುವುದು 1834ಕ್ಕೆ ನಿಲ್ಲಲಿಲ್ಲ, 1934ಕ್ಕೂ ನಿಲ್ಲಲಿಲ್ಲ. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರಕ್ಕೆ, ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ಪೂಜೆಗೆ ಇಂದಿಗೂ ಹೊಸ ಕತ್ತಿ ಮಾಡಿಸುವವರಿದ್ದಾರೆ. ಅಜ್ಜನ ಮದುವೆಗೆ ಬಂದ ಕತ್ತಿ ಮೊಮ್ಮಗನ ಬಾಯಲ್ಲಿ ರಾಜರ ಕಾಲದ್ದಾಗುವುದು ಸಹಜ. ಹಾಗೆ ಹೇಳುವವರಲ್ಲಿ ಸುಳ್ಳು ಹೇಳುವ ಉದ್ದೇಶವಿಲ್ಲ, ಮನೆಯ ಮೇಲಿನ ಪ್ರೀತಿಯಿದೆ. ಹೊಸದಾಗಿ ಸಂಗ್ರಹಕ್ಕಿಳಿದವರಿಗೆ ಮಾತ್ರ ಇದು ದೊಡ್ಡ ತೊಡಕು. ತಲೆಮಾರುಗಳ ಕಾಲ ಹೆಚ್ಚು ಬದಲಾಗದ ಆಕಾರದೊಳಗೆ ಕಾಲವನ್ನು ಎಲ್ಲಿ ಹುಡುಕಬೇಕು? ಈ ಬಗ್ಗೆ ಗ್ರಂಥಗಳು ಹೇಳುವುದು, ಕಬ್ಬಿಣ ಹೇಳುವುದು, ಮನೆಗಳು ಹೇಳುವುದು ಮೂರನ್ನೂ ಒಟ್ಟಿಗಿಟ್ಟು ನೋಡುವುದು ಇಲ್ಲಿನ ಪ್ರಯತ್ನ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಡಗಿನ ಕತ್ತಿಯ ಕಾಲನಿರ್ಣಯದಲ್ಲಿ ಅಲಗಿಗಿಂತ ಹೆಚ್ಚು ತೂಕದ ಸಾಕ್ಷ್ಯ ಅದರ ಒಕ್ಕ, ಅಂದರೆ ಅದು ಸೇರಿದ ಕೊಡವ ಕುಟುಂಬ. ಒಕ್ಕದಿಂದ ಬೇರ್ಪಟ್ಟು ಅಂಗಡಿ ಸೇರಿದ ಕತ್ತಿ ತನ್ನ ಅರ್ಧ ಇತಿಹಾಸವನ್ನು ಹೊಸ್ತಿಲಲ್ಲೇ ಬಿಟ್ಟುಬಂದಿರುತ್ತದೆ.

ಪ್ರಪಂಚದಲ್ಲಿ ಕತ್ತಿಯ ವಯಸ್ಸು ಹೇಳುವ ವಿದ್ಯೆ ಅತ್ಯಂತ ಕ್ರಮಬದ್ಧವಾಗಿ ಬೆಳೆದಿರುವುದು ಜಪಾನಿನಲ್ಲಿ. ಅಲ್ಲಿನ ಹಳೆಯ ಕತ್ತಿಯ ಹಿಡಿಯಲ್ಲಿ ಒಂದು ಬಿದಿರಿನ ಮೊಳೆ ಇರುತ್ತದೆ. ಅದನ್ನು ತಳ್ಳಿ ತೆಗೆದರೆ ಹಿಡಿ ಕಳಚಿ ಬರುತ್ತದೆ, ಒಳಗೆ ಅಡಗಿದ್ದ ತೊಟ್ಟು ಕಾಣುತ್ತದೆ. ಆ ತೊಟ್ಟಿನ ಮೇಲೆ ಎಷ್ಟೋ ಸಲ ಕಮ್ಮಾರನ ಹೆಸರು, ಅವನ ಪ್ರಾಂತ, ಕೆಲವೊಮ್ಮೆ ಮಾಡಿದ ವರ್ಷ, ತಿಂಗಳು ಕೂಡ ಕೆತ್ತಿರುತ್ತದೆ. ಸಹಿ ಇಲ್ಲದಿದ್ದರೂ ತೊಟ್ಟಿನ ತುಕ್ಕಿನ ಬಣ್ಣ, ಅರದ ಗೀರುಗಳ ಓರೆ, ಅಲಗಿನ ಅಂಚಿನಲ್ಲಿ ಹದ ಹಾಕಿದಾಗ ಮೂಡಿದ ಅಲೆಯಂಥ ಗೆರೆ ಇವುಗಳಿಂದ ಬಿಝೆನ್, ಯಾಮಾಶಿರೊ, ಯಾಮಾಟೊ, ಸಗಾಮಿ, ಮಿನೊ ಎಂಬ ಐದು ಪರಂಪರೆಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ತಜ್ಞರು ಗುರುತಿಸುತ್ತಾರೆ. ಸುಮಾರು 1596ರ ಹಿಂದಿನದು ‘ಕೊತೋ’, ಅಂದರೆ ಹಳೆಯ ಕತ್ತಿ. ಆಮೇಲಿನದು ‘ಶಿಂತೋ’, ಹೊಸ ಕತ್ತಿ. ನಾನೂರು ವರ್ಷದ ವಸ್ತುವನ್ನು ಹೊಸದೆನ್ನುವಷ್ಟು ಉದ್ದದ ಲೆಕ್ಕ ಅವರದು. 1948ರಲ್ಲಿ ಸ್ಥಾಪನೆಯಾದ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘ ಕತ್ತಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಅಲ್ಲೂ ಹೆಸರಾಂತ ಕಮ್ಮಾರರ ಸುಳ್ಳು ಸಹಿಗಳಿಗೆ ಬರವಿಲ್ಲ. ಆದರೂ ಪರೀಕ್ಷೆಗೆ ಹಿಡಿಯಲು ಒಂದು ಸಹಿಯಾದರೂ ಇರುತ್ತದೆ.

ಕೊಡಗಿನ ಕುಲುಮೆಯಲ್ಲಿ ಹೆಸರು ಕೆತ್ತುವ ರೂಢಿ ಬೆಳೆಯಲಿಲ್ಲ. ಇಲ್ಲಿ ಕಬ್ಬಿಣ, ಮರ, ಬೆಳ್ಳಿ ಕೆಲಸಗಳಲ್ಲಿ ನುರಿತವರು ಐರಿ ಸಮುದಾಯದವರು. ಘಟ್ಟದ ಕೆಳಗಿನ ಮಲಯಾಳ ಸೀಮೆಯಿಂದ ಬಂದು ನೆಲೆಸಿ ಕೊಡವ ತಕ್ಕನ್ನೇ ಮನೆಮಾತಾಗಿಸಿಕೊಂಡವರು ಅವರೆಂದು ಹಳೆಯ ಬರಹಗಳು ಹೇಳುತ್ತವೆ. ಕತ್ತಿ ಮಾಡಿದವನು ಯಾರೆಂದು ಊರಿಗೆಲ್ಲ ಗೊತ್ತಿದ್ದುದರಿಂದ ಹೆಸರು ಕೆತ್ತುವ ಅಗತ್ಯ ಬಿದ್ದಿರಲಾರದು. ಮೈಸೂರಿನ ಕಡೆ ನೋಡಿದರೂ ಸ್ಥಿತಿ ಬೇರೆ. ಟಿಪ್ಪುವಿನ ಶಸ್ತ್ರಾಗಾರದ ಬಂದೂಕು, ಕತ್ತಿಗಳಲ್ಲಿ ಹುಲಿಪಟ್ಟೆಯ ಅಲಂಕಾರ ಇರುತ್ತದೆ. ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಕೆತ್ತಿರುವ ಬಂದೂಕುಗಳೂ ಇವೆ. ಆಸ್ಥಾನದ ಕಾರ್ಖಾನೆಯ ಆಯುಧಕ್ಕೆ ದಾಖಲೆ ಅಂಟಿಕೊಂಡಿರುತ್ತದೆ. ಊರ ಕುಲುಮೆಯ ಆಯುಧಕ್ಕೆ ಊರಿನ ನೆನಪೇ ದಾಖಲೆ.

ಆದರೆ ಆ ಊರು ಘಟ್ಟದ ಯಾವ ಬದಿಯದೆಂಬ ಪ್ರಶ್ನೆಯೂ ಇದೆ; ಅದಕ್ಕೆ ಮಾಕುಟ್ಟದ ರಸ್ತೆಯನ್ನು ನೆನೆಯಬೇಕು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ದಟ್ಟ ಕಾಡಿನ ನಡುವೆ ಇಳಿದು, ಮಾಕುಟ್ಟ ಕಳೆದು, ಕೂಟುಪುಳದಲ್ಲಿ ಕೇರಳ ಸೇರಿ ಇರಿಟ್ಟಿಗೆ ಹೋಗುವ ದಾರಿ ಅದು. ಇವತ್ತು ಬಸ್ಸು, ಲಾರಿ ಓಡುವ ಈ ಸೀಮೆಯ ಘಟ್ಟದಾರಿ ಒಂದು ಕಾಲದಲ್ಲಿ ಸೈನ್ಯಗಳ ದಾರಿ. 1790ರಲ್ಲಿ ದೊಡ್ಡವೀರರಾಜೇಂದ್ರ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ಸೈನ್ಯ ಕಣ್ಣೂರಿನಿಂದ ಹೆಗ್ಗಳ ಘಾಟಿ ಹತ್ತಿ ಶ್ರೀರಂಗಪಟ್ಟಣದತ್ತ ನಡೆಯಿತು. ಅವರಿಬ್ಬರ ಭೇಟಿಯ ನೆನಪಿಗೆ 1792ರಲ್ಲಿ ಕಟ್ಟಿದ ಪೇಟೆಯೇ ವಿರಾಜಪೇಟೆ. 1834ರ ಏಪ್ರಿಲ್‌ನಲ್ಲಿ ಅದೇ ಕಂಪನಿ ಕೊಡಗಿನ ಮೇಲೇ ನಾಲ್ಕು ಕಡೆಯಿಂದ ಏರಿಬಂದಾಗ ಕರ್ನಲ್ ಫೌಲಿಸ್‌ನ ತುಕಡಿ ಕಣ್ಣೂರಿನಿಂದ ಇದೇ ಘಾಟಿಯಲ್ಲಿ ಕೊಡವರ ಎದುರು ಕಾದಾಡುತ್ತ ಮೇಲೆ ಬಂತು. ಆಯುಧಗಳು, ಕಮ್ಮಾರರು, ಕಬ್ಬಿಣ ಮೂರೂ ಈ ಘಟ್ಟವನ್ನು ಎರಡೂ ದಿಕ್ಕಿನಲ್ಲಿ ದಾಟಿರುವಾಗ ಗಡಿಯ ಈಚೆ ಸಿಕ್ಕಿದ್ದೆಲ್ಲ ಕೊಡಗಿನದು, ಆಚೆ ಸಿಕ್ಕಿದ್ದೆಲ್ಲ ಮಲಬಾರಿನದು ಎಂದು ಗೆರೆ ಎಳೆಯಲಾಗದು.

ಕಾಲನಿರ್ಣಯಕ್ಕೆ ಗಡಿಯ ನಿಜವಾದ ಉಪಯೋಗ ಬೇರೆಯೇ ಇದೆ. ಘಟ್ಟದ ಕೆಳಗಿನ ಮಲಬಾರಿನಲ್ಲೂ ಒಡಿಕತ್ತಿಯ ಹತ್ತಿರದ ನೆಂಟನಂಥ ಅಗಲ ಅಲಗಿನ ಯುದ್ಧಗತ್ತಿ ಇತ್ತು. ಬ್ರಿಟಿಷ್ ದಾಖಲೆಗಳಲ್ಲಿ ಅದು ಮಾಪಿಳ್ಳೆ ಕತ್ತಿ. ಅಲ್ಲಿ ಪದೇ ಪದೇ ಎದ್ದ ದಂಗೆಗಳ ಬಗ್ಗೆ ವಿಚಾರಣೆ ನಡೆಸಿದ ಟಿ. ಎಲ್. ಸ್ಟ್ರೇಂಜ್ ಕಠಿಣ ಕಾನೂನು ಬೇಕೆಂದು ಶಿಫಾರಸು ಮಾಡಿದ. 1854ರ 24ನೇ ಕಾಯ್ದೆ ಆ ಕತ್ತಿಯನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಕಲೆಕ್ಟರ್ ಕನೊಲಿ ಊರೂರು ಸುತ್ತಿ ಕೆಲವೇ ವಾರಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕತ್ತಿಗಳನ್ನು ಒಪ್ಪಿಸಿಕೊಂಡನೆಂದು ವಿಲಿಯಂ ಲೋಗನ್‌ನ 1887ರ ಮಲಬಾರ್ ಮ್ಯಾನ್ಯುಯಲ್ ದಾಖಲಿಸಿದೆ. 1855ರ ಸೆಪ್ಟೆಂಬರ್‌ನಲ್ಲಿ ಕನೊಲಿಯ ಕೊಲೆಯಾಯಿತು. ಘಟ್ಟದ ಮೇಲೆ ನಡೆದದ್ದು ಇದಕ್ಕೆ ತದ್ವಿರುದ್ಧ. 1857ರ ನಂತರ ಜನರಿಂದ ಆಯುಧ ಕಸಿಯುವ ಕಾನೂನು ದೇಶದಲ್ಲಿ ಬಂದಾಗ, ಮೈಸೂರು ಮತ್ತು ಕೊಡಗುಗಳ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. ಜಪಾನಿನಲ್ಲಿ 1876ರ ಮಾರ್ಚ್‌ನಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಅಲ್ಲಿನ ಎಷ್ಟೋ ಕಮ್ಮಾರರು ಅಡುಗೆ ಚಾಕು, ಬೇಸಾಯದ ಸಲಕರಣೆಗಳಿಗೆ ಇಳಿದರು.

ಇಪ್ಪತ್ತೆರಡು ವರ್ಷಗಳೊಳಗಿನ ಈ ಮೂರು ಆಜ್ಞೆಗಳು ಸಂಗ್ರಹಕಾರನ ಕೈಯಲ್ಲಿ ಮೂರು ಬೇರೆ ಬೇರೆ ಲೆಕ್ಕಗಳನ್ನಿಡುತ್ತವೆ. ಮಲಬಾರಿನ ಯುದ್ಧಗತ್ತಿ ಎಂದು ಖಚಿತವಾದರೆ ಅದು 1854ಕ್ಕಿಂತ ಹಿಂದಿನದಾಗಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಆಮೇಲೆ ಬಹಿರಂಗವಾಗಿ ಮಾಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಜಪಾನಿನಲ್ಲಿ 1876ರ ನಂತರದ್ದು ಬಹುಪಾಲು ಸೈನ್ಯಕ್ಕೆ ಮಾಡಿದ್ದು. ಕೊಡಗಿನಲ್ಲಿ ಮಾತ್ರ ಇಂಥ ಗೆರೆಯೇ ಇಲ್ಲ, ಕುಲುಮೆ ಆರಲೇ ಇಲ್ಲ. ಕೊಡಗಿನ ಕತ್ತಿಗೆ ವಯಸ್ಸು ಹೇಳುವುದು ಮಲಬಾರಿನದಕ್ಕೆ ಹೇಳುವುದಕ್ಕಿಂತ ಕಷ್ಟವಾಗಿರುವುದು ಇದರಿಂದಲೇ, ಮತ್ತು ಆ ಕಷ್ಟ ಒಂದು ಭಾಗ್ಯದ ಫಲ. ಒಂದೇ ಘಟ್ಟದ ಎರಡು ಬದಿಯ ಕತ್ತಿಗಳಿಗೆ ಒಂದೇ ಅಳತೆಗೋಲು ಹಿಡಿಯುವ ಹರಾಜು ಪಟ್ಟಿಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಇನ್ನು ವಸ್ತುಗಳ ಪರಿಚಯ. ಒಡಿಕತ್ತಿಯ ಅಲಗು ಒಂದೂವರೆ ಅಡಿಯ ಆಸುಪಾಸು ಉದ್ದ, ತುದಿಯತ್ತ ಅಗಲವಾಗುತ್ತ ಮುಂದಕ್ಕೆ ಬಾಗಿರುತ್ತದೆ. ಬಾಯಿ ಇರುವುದು ಬಾಗಿನ ಒಳಬದಿಯಲ್ಲಿ. ಕೈಗೆ ಅಡ್ಡ ಕಾವಲಿಲ್ಲ. ಹಿಡಿಯ ತುದಿ ಹಕ್ಕಿಯ ಕೊಕ್ಕಿನ ಹಾಗೆ ಹೊರಚಾಚಿ ಕೈ ಜಾರದಂತೆ ತಡೆಯುತ್ತದೆ. ಇದಕ್ಕೆ ಒರೆಯಿಲ್ಲ. ನಡುಕಟ್ಟಿನ ಹಿಂಬದಿಗೆ ಬಿಗಿದ ‘ತೊಡಂಗ್’ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ ಅಲಗು ಬರಿದಾಗಿಯೇ ನಿಲ್ಲುತ್ತದೆ. ಪಾಶ್ಚಾತ್ಯ ಗ್ರಂಥಗಳಲ್ಲಿ ಇದು ‘ಐದ ಕತ್ತಿ’, ‘ಆಯುಧ ಕತ್ತಿ’ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಹರಾಜು ಪಟ್ಟಿ ಹುಡುಕುವವರು ಆ ಹೆಸರುಗಳನ್ನೂ ತಿಳಿದಿರಬೇಕು. ಪೀಚೆಕತ್ತಿ ಇದಕ್ಕಿಂತ ಬಹಳ ಚಿಕ್ಕದು. ಕುಪ್ಯವೆಂಬ ನಿಲುವಂಗಿಯ ಮೇಲೆ ಸುತ್ತಿದ ಚೇಲೆಯೆಂಬ ನಡುಕಟ್ಟಿನ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ, ಬೆಳ್ಳಿ ಕಟ್ಟಿದ ಒರೆಯ ಚೂರಿ. ಒರೆಯಿಂದ ಇಳಿಬಿದ್ದ ಸರಪಳಿಯಲ್ಲಿ ಚಿಮಟ, ಕಿವಿಗುಗ್ಗೆ ತೆಗೆಯುವ ಕಡ್ಡಿಯಂಥ ಪುಟ್ಟ ಸಾಮಾನುಗಳು ತೂಗುತ್ತವೆ. ಹಿಡಿ ಬೆಳ್ಳಿಯದೋ ಕೊಂಬಿನದೋ ದಂತದ್ದೋ ಆಗಿರಬಹುದು.

ಮುದ್ರಿತ ಸಾಹಿತ್ಯ ತೆಳ್ಳಗಿದೆ. ಜಿ. ರಿಕ್ಟರ್‌ನ ಮ್ಯಾನ್ಯುಯಲ್ ಆಫ್ ಕೂರ್ಗ್ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಉಡುಪು, ಆಯುಧ, ಹಬ್ಬಗಳ ವಿವರಣೆಗೆ ಅದು ಇನ್ನೂ ಉಪಯುಕ್ತ. ಎಜರ್ಟನ್ 1880ರಲ್ಲಿ ಪ್ರಕಟಿಸಿದ ಭಾರತೀಯ ಆಯುಧಗಳ ಕೈಪಿಡಿಯಲ್ಲಿ ಕೊಡಗಿನ ಕತ್ತಿಗಳಿವೆ. ಅಮೆರಿಕದ ಜಾರ್ಜ್ ಕ್ಯಾಮೆರಾನ್ ಸ್ಟೋನ್ 1934ರ ತನ್ನ ದೊಡ್ಡ ಆಯುಧ ನಿಘಂಟಿನಲ್ಲಿ ಕೊಡಗಿನದನ್ನೂ ಮಲಬಾರಿನದನ್ನೂ ಬೇರ್ಪಡಿಸಲು ಯತ್ನಿಸಿದ. ರಾಬರ್ಟ್ ಎಲ್ಗುಡ್ 2004ರ ತಮ್ಮ ಗ್ರಂಥದಲ್ಲಿ ದಕ್ಷಿಣದ ಆಯುಧಗಳನ್ನು ದೇವಾಲಯ ಮತ್ತು ಆಚರಣೆಯ ಹಿನ್ನೆಲೆಯಲ್ಲಿಟ್ಟು ನೋಡಿದರು. ಈ ಗ್ರಂಥಗಳ ಮುಖ್ಯ ಆಸರೆ ಇಂಗ್ಲೆಂಡ್, ಅಮೆರಿಕಗಳಿಗೆ ತಲುಪಿದ ಕತ್ತಿಗಳು. ಮನೆಯಲ್ಲೇ ಉಳಿದ ಕತ್ತಿಗಳ ಬದುಕು ಅರ್ಥವಾಗಬೇಕಾದರೆ ನಡಿಕೇರಿಯಂಡ ಚಿಣ್ಣಪ್ಪನವರ 1924ರ ಪಟ್ಟೋಲೆ ಪಳಮೆಗೆ, ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ 1952ರ ಕೃತಿಗೆ ಹೋಗಬೇಕು. ಅವು ಆಯುಧದ ಪುಸ್ತಕಗಳಲ್ಲ, ಆದರೆ ಒಕ್ಕದಲ್ಲಿ ಕತ್ತಿಯ ಸ್ಥಾನ ಏನೆಂಬುದು ಅಲ್ಲಿ ತಿಳಿಯುತ್ತದೆ.

ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ಆಕಾರ. ಒಡಿಕತ್ತಿಯ ಬಾಗು ಗ್ರೀಕರ ಕೋಪಿಸ್ ಕತ್ತಿಯನ್ನು, ನೇಪಾಳದ ಖುಕುರಿಯನ್ನು ಹೋಲುತ್ತದೆಂದು ಅಲೆಗ್ಸಾಂಡರನವರೆಗೆ ಹೋಗಿಬಿಡುವ ಬರಹಗಳಿವೆ. ಒಳಬಾಗಿನಲ್ಲಿ ಹರಿತವಿರುವ, ತುದಿಯಲ್ಲಿ ತೂಕವಿರುವ ಅಲಗು ಕೊಂಬೆ ಕಡಿಯುವವರಿಗೆಲ್ಲ ಬೇಕಾದದ್ದು. ಕಾಡು ಸವರಿ ಗದ್ದೆ ಮಾಡಿದ ನಾಡಿನಲ್ಲಿ ಅದು ಹುಟ್ಟಲು ಗ್ರೀಕರು ಬರಬೇಕಾಗಿಲ್ಲ. ಆಕಾರ ಪ್ರದೇಶವನ್ನು ಹೇಳಬಹುದು, ಕಾಲವನ್ನು ಹೇಳುವುದು ಅಪರೂಪ.

ಆಮೇಲಿನದು ತುಕ್ಕು. ಪಶ್ಚಿಮ ಘಟ್ಟದ ಈ ಅಂಚಿನಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಎಣ್ಣೆ ಕಾಣದ ಕಬ್ಬಿಣ ಮಾಕುಟ್ಟದಂಥ ಊರಿನಲ್ಲಿ ಕೆಲವೇ ಮಳೆಗಾಲಗಳಲ್ಲಿ ಕುಳಿಬಿದ್ದು ಶತಮಾನಗಳ ವಸ್ತುವಿನಂತೆ ಕಾಣುತ್ತದೆ. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಎಣ್ಣೆ ಸವರಿ ಇಟ್ಟದ್ದು ನೂರೈವತ್ತು ವರ್ಷ ಕಳೆದರೂ ನುಣುಪಾಗಿರುತ್ತದೆ. ತುಕ್ಕಿನಿಂದ ತಿಳಿಯುವುದು ಕತ್ತಿಯನ್ನು ಎಲ್ಲಿ, ಹೇಗೆ ಇಟ್ಟಿದ್ದರೆಂಬುದು. ಮಾರುವವರು ಅಲಗಿಗೆ ಉಪ್ಪುನೀರು, ಹುಳಿ ಹಚ್ಚಿ ಮಣ್ಣಲ್ಲಿ ಹೂಳುವ ಉಪಾಯ ಭಾರತದ ಎಲ್ಲ ಹಳೆಸಾಮಾನಿನ ಪೇಟೆಗಳಲ್ಲೂ ಇದೆ. ಅಂಥ ತುಕ್ಕು ಎಲ್ಲ ಕಡೆ ಒಂದೇ ಬಗೆಯ ಕೆಂಪಾಗಿ, ಬೆರಳಿಗೆ ಹತ್ತುವಂತೆ ಇರುತ್ತದೆ. ನಿಧಾನವಾಗಿ ಕಟ್ಟಿದ ತುಕ್ಕು ಕಪ್ಪುಗಂದಾಗಿ ಕಬ್ಬಿಣಕ್ಕೆ ಕಚ್ಚಿಕೊಂಡಿರುತ್ತದೆ.

ಜಪಾನಿ ಕತ್ತಿಯ ಪಾಠವೊಂದನ್ನು ಇಲ್ಲಿ ತಿದ್ದಿಕೊಂಡು ಬಳಸಬೇಕು. ಅಲ್ಲಿ ತೊಟ್ಟಿನ ತುಕ್ಕನ್ನು ಉಜ್ಜಿದರೆ ಕತ್ತಿಯ ಬೆಲೆ ನೆಲಕಚ್ಚುತ್ತದೆ, ಆದ್ದರಿಂದ ಅದನ್ನು ಯಾರೂ ಮುಟ್ಟುವುದಿಲ್ಲ. ಕೊಡಗಿನಲ್ಲಿ ಕತ್ತಿಯನ್ನು ವರ್ಷಕ್ಕೊಮ್ಮೆ ಉಜ್ಜುವುದು ಧರ್ಮ. ನಾಟಿಯ ಕೆಲಸ ಮುಗಿಯುವವರೆಗೆ ಬದಿಗಿಟ್ಟಿದ್ದ ಆಯುಧಗಳನ್ನು ಕೈಲ್‌ಪೊಳ್ದಿಗೆ ಹೊರತೆಗೆದು, ಶುಚಿಮಾಡಿ, ಗಂಧ ಹಚ್ಚಿ, ತೋಕ್ ಪೂ ಎಂಬ ಹೂ ಸಿಕ್ಕಿಸಿ, ಪೂಜೆಯ ಕೋಣೆಯಾದ ಕನ್ನಿಕೊಂಬರೆಯಲ್ಲೋ ನೆಲ್ಲಕ್ಕಿ ನಡುಮನೆಯಲ್ಲೋ ದೀಪದ ಮುಂದಿಟ್ಟು ಪೂಜಿಸುತ್ತಾರೆ. ಹೆಚ್ಚಿನ ಕಡೆ ಅದು ಸೆಪ್ಟೆಂಬರ್ 3, ಕೆಲವು ನಾಡುಗಳಲ್ಲಿ ಬೇರೆ ದಿನ. ನೂರು ಕೈಲ್‌ಪೊಳ್ದ್ ಕಂಡ ಅಲಗಿನ ಮೇಲ್ಮೈಯಲ್ಲಿ ಹಳೆಯ ತುಕ್ಕು ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಸವೆತ. ಬಾಯಿ ಒಳಕ್ಕೆ ಸರಿದಿರುತ್ತದೆ, ಅಂಚುಗಳು ಮೊಂಡಾಗಿರುತ್ತವೆ, ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ನುಣುಪಾಗಿರುತ್ತದೆ. ಬಟ್ಟೆಯೂ ಬೂದಿಯೂ ತಲುಪದ ಸಂದುಗಳೇ ಪರೀಕ್ಷೆಯ ಜಾಗ: ಅಲಗು ಹಿಡಿಯೊಳಗೆ ಹೋಗುವ ಬಾಯಿ, ಮೊಳೆಗಳ ಸುತ್ತ, ತೊಡಂಗಿನ ಒಳಮೈ, ಪೀಚೆಕತ್ತಿಯ ಒರೆಯ ತಳ. ಅಲ್ಲಿ ಗಟ್ಟಿಯಾದ ಎಣ್ಣೆಜಿಡ್ಡು, ಹಿತ್ತಾಳೆಯ ಹಸಿರು ಪದರು ಪದರಾಗಿ ಕೂತಿದ್ದರೆ ಆ ಭಾಗಗಳು ಬಹುಕಾಲದಿಂದ ಜೊತೆಗಿವೆ ಎಂದರ್ಥ. ಹಾಗಾಗಿ ಪರೀಕ್ಷೆಗೆ ಮುನ್ನ ಅಂಥ ಸಂದುಗಳನ್ನು ಬ್ರಾಸೊ ಹಾಕಿ ತೊಳೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕಬ್ಬಿಣದ ಬಗೆ ಇನ್ನೂ ಗಟ್ಟಿ ಸಾಕ್ಷ್ಯ. ಹಳೆಯ ಕುಲುಮೆಗಳಲ್ಲಿ ಇದ್ದಿಲಿನಿಂದ ಕರಗಿಸಿ ಬಡಿದ ಕಬ್ಬಿಣದೊಳಗೆ ಕಿಟ್ಟದ ಎಳೆಗಳು ಉಳಿದುಬಿಡುತ್ತವೆ. ಸವೆದ ಅಲಗನ್ನು ಓರೆ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಮರದ ನಾರಿನಂಥ ಗೆರೆಗಳು ಕಾಣುತ್ತವೆ. ಮೆದು ಕಬ್ಬಿಣದ ಒಡಲಿಗೆ ಬಾಯಿಯ ಅಂಚಿನಲ್ಲಿ ಉಕ್ಕನ್ನು ಬೆಸೆದಿದ್ದರೆ ಎರಡರ ನಡುವಿನ ಗೆರೆಯೂ ಕಾಣಬಹುದು. ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು ಸೀಮೆ ಸುತ್ತುವಾಗ ಚನ್ನರಾಯನದುರ್ಗದ ಬಳಿ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಆ ಬಗೆಯ ಉಕ್ಕು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಕ್ಷೀಣಿಸಿತು. ಇಂಗ್ಲೆಂಡಿನಲ್ಲಿ 1856ರಲ್ಲಿ ಬೆಸೆಮರ್ ವಿಧಾನ ಬಂದ ಮೇಲೆ ಅಗ್ಗದ ಗಿರಣಿ ಉಕ್ಕು ಬಂದರುಗಳಿಗೆ ಇಳಿಯಿತು. 1912ರಿಂದ ಜಮ್‌ಶೆಡ್‌ಪುರದ ಟಾಟಾ ಉಕ್ಕೂ ಸೇರಿತು. ಗಿರಣಿ ಉಕ್ಕಿನಲ್ಲಿ ನಾರಿಲ್ಲ, ಎಲ್ಲ ಕಡೆ ಒಂದೇ ಸಮ. ಒಡಿಕತ್ತಿಯ ಅಲಗು ಹಾಗಿದ್ದರೆ ಅದು ಹಾಲೇರಿ ಅರಸರ ಕಾಲದ್ದಾಗಿರಲಾರದು. ಲಾರಿಯ ಕಮಾನುಪಟ್ಟಿ ಬಡಿದು ಮಾಡಿದ ಕತ್ತಿ ಬೆನ್ನಿನಿಂದ ಬಾಯಿಯ ಹತ್ತಿರದವರೆಗೆ ಒಂದೇ ದಪ್ಪವಿರುತ್ತದೆ. ಕೈಯಲ್ಲಿ ಬಡಿದ ಹಳೆಯದರ ಬೆನ್ನು ಹಿಡಿಯ ಬಳಿ ದಪ್ಪಗಿದ್ದು ತುದಿಯತ್ತ ತೆಳುವಾಗುತ್ತ ಹೋಗುತ್ತದೆ. ಕರೆಂಟಿನ ಸಾಣೆಯ ಸಮಾನಾಂತರ ಗೀರು, ವೆಲ್ಡಿಂಗಿನ ಗಂಟು, ಎಂದೂ ಕಂದದ ಸ್ಟೇನ್‌ಲೆಸ್ ಹೊಳಪು ಇವೆಲ್ಲ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ.

ಇಲ್ಲೊಂದು ಎಚ್ಚರ ಬೇಕು. ಹಳೆಯ ಕಬ್ಬಿಣವನ್ನು ಯಾವ ಕಮ್ಮಾರನೂ ಎಸೆಯುವುದಿಲ್ಲ. ಮುರಿದ ಗುದ್ದಲಿ, ಗಾಡಿಪಟ್ಟಿಗಳು 1900ರಲ್ಲಿ ಕತ್ತಿಯಾಗಿ ಮರುಹುಟ್ಟು ಪಡೆಯಬಹುದು. ನಾರಿನ ಕಬ್ಬಿಣ ಕಂಡರೆ ‘ಹಳೆಯದಾಗಿರಬಹುದು’ ಎನ್ನಬಹುದು. ಗಿರಣಿ ಉಕ್ಕು ಕಂಡರೆ ‘ಹಳೆಯದಲ್ಲ’ ಎಂದು ಧೈರ್ಯದಿಂದ ಹೇಳಬಹುದು. ತಳ್ಳಿಹಾಕುವ ಸಾಕ್ಷ್ಯ ಯಾವಾಗಲೂ ಒಪ್ಪಿಕೊಳ್ಳುವ ಸಾಕ್ಷ್ಯಕ್ಕಿಂತ ಬಲವಾದದ್ದು. ಕಬ್ಬಿಣದೊಳಗಿನ ಇದ್ದಿಲಿನ ಇಂಗಾಲದಿಂದ ಕಾಲ ಕಟ್ಟುವ ಪ್ರಯೋಗಶಾಲೆಯ ವಿಧಾನವೂ ಇದೆ. ಅದಕ್ಕೆ ಅಲಗಿನ ಚೂರು ಕತ್ತರಿಸಿ ಕೊಡಬೇಕು. ಪೂಜೆಯ ಕತ್ತಿಯಿಂದ ಚೂರು ಕೇಳುವ ಮನಸ್ಸು ನನಗಿಲ್ಲ. ಹಿಡಿ ಬಿಚ್ಚದೆ ಒಳಗಿನ ತೊಟ್ಟು ನೋಡಲು ಒಂದು ಎಕ್ಸ್‌ರೇ ಸಾಕು.

ಹಿತ್ತಾಳೆ, ಬೆಳ್ಳಿಯ ಭಾಗಗಳು ಅಲಗಿಗಿಂತ ಸುಲಭವಾಗಿ ಗುಟ್ಟು ಬಿಟ್ಟುಕೊಡುತ್ತವೆ. ಎರಕ ಹೊಯ್ದು ಅರದಿಂದ ತಿದ್ದಿದ ತೊಡಂಗ್‌ನ ಒಳಬದಿಯಲ್ಲಿ ಎರಕದ ಒರಟು ಉಳಿದಿರುತ್ತದೆ. ಹಾಳೆ ಹಿತ್ತಾಳೆ ಕತ್ತರಿಸಿ ಬೆಸುಗೆ ಹಾಕಿದ್ದು ಒಳಗೂ ಹೊರಗೂ ನುಣುಪು. ಕೈಯಲ್ಲಿ ಕೊರೆದ ತಿರುಪಿನ ಮರೆಗಳು ಏರುಪೇರಾಗಿರುತ್ತವೆ, ತಲೆಯ ಗೀಟು ನಡುವಿನಿಂದ ಸ್ವಲ್ಪ ಸರಿದಿರುತ್ತದೆ. ಪೀಚೆಕತ್ತಿಯ ಸರಪಳಿಯಲ್ಲಿ ಬಳೆಗಳು ಒಂದಕ್ಕೊಂದು ತುಸು ಭಿನ್ನವಾಗಿದ್ದರೆ ಕೈಕೆಲಸ, ಅಚ್ಚು ಹಾಕಿದಂತಿದ್ದರೆ ಯಂತ್ರದ್ದು. ಬೆಳ್ಳಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಮುದ್ರೆ ಇದ್ದರೆ ಚರ್ಚೆಯೇ ಇಲ್ಲ, ಬೆಳ್ಳಿಗೆ ಆ ಮುದ್ರೆ ಶುರುವಾದದ್ದು 2005ರಲ್ಲಿ. ಅಲಗು ಹಳೆಯದಿದ್ದು ಒರೆ ಹೊಸದಿರುವುದು ತೀರ ಸಾಮಾನ್ಯ. ಒರೆಯ ಮರ ಕೊಳೆಯುತ್ತದೆ, ಬೆಳ್ಳಿಯನ್ನು ಕಷ್ಟಕಾಲದಲ್ಲಿ ಅಡವಿಟ್ಟಿರುತ್ತಾರೆ, ಮತ್ತೆ ಅನುಕೂಲವಾದಾಗ ಹೊಸದಾಗಿ ಕಟ್ಟಿಸಿರುತ್ತಾರೆ. ಆದ್ದರಿಂದ ಒಂದು ಪೀಚೆಕತ್ತಿಗೆ ಒಂದೇ ವರ್ಷ ಬರೆಯುವ ಬದಲು ಅಲಗು, ಹಿಡಿ, ಒರೆ, ಸರಪಳಿ ಎಂದು ನಾಲ್ಕು ಸಾಲು ಬರೆದು ಪ್ರ‌ತಿಯೊಂದರ ಮುಂದೆ ಅಂದಾಜಿನ ಅವಧಿ ಹಾಕುವುದೇ ಪ್ರಾಮಾಣಿಕ ಕ್ರಮ.

1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ ಮೇಲೆ ಕೊಡಗಿಗೆ ದೊರೆಗಳ ಸಾಲು ಬಂತು. ಊರಿಗೆ ಮರಳುವಾಗ ಕೊಂಡೊಯ್ಯಲು, ಅಧಿಕಾರಿಗಳಿಗೆ ಉಡುಗೊರೆ ಕೊಡಲು ಅಲಂಕಾರ ಹೆಚ್ಚಿದ, ಅಲಗು ಹಗುರವಾದ ಚೂರಿಗಳಿಗೆ ಬೇಡಿಕೆ ಹುಟ್ಟಿರಬೇಕು. ಹೊರದೇಶದ ಹರಾಜಿನಲ್ಲಿ ಸಿಗುವ ಅತಿ ಅಲಂಕೃತ ಪೀಚೆಕತ್ತಿಗಳನ್ನು ಈ ದೃಷ್ಟಿಯಿಂದ ನೋಡುವುದು ಒಳ್ಳೆಯದು. ಅವು ನಕಲಿಯಲ್ಲ, ಆ ಕಾಲದ ಕುಶಲಕರ್ಮಿಯೇ ಮಾಡಿದ್ದು. ಆದರೆ ಒಕ್ಕದ ಚೇಲೆಯಲ್ಲಿ ಬಾಳಿದ ಚೂರಿಗೂ ಅದಕ್ಕೂ ಬದುಕು ಬೇರೆ.

ಚಿತ್ರ, ಕಾಗದಗಳ ಸಾಕ್ಷ್ಯವನ್ನು ಹೊಸಬರು ಮರೆಯುತ್ತಾರೆ. 1837ರ ದಂಗೆಯಲ್ಲಿ ಕಂಪನಿಯ ಪರ ನಿಂತವರಿಗೆ ಕೊಟ್ಟ ಕೂರ್ಗ್ ಪದಕ ಇಲ್ಲಿ ಅಮೂಲ್ಯ. ಅದರ ಒಂದು ಮುಖದಲ್ಲಿ ಕತ್ತಿ ಎತ್ತಿದ ಕೊಡವ ಯೋಧನಿದ್ದಾನೆ, ಸುತ್ತ ಕನ್ನಡ ಅಕ್ಷರಗಳಿವೆ. ಇನ್ನೊಂದು ಮುಖದಲ್ಲಿ ಇಂಗ್ಲಿಷ್ ಬರಹದ ಜೊತೆ ಆಯುಧಗಳ ಚಿತ್ರವಿದೆ. ಅಂದರೆ ಒಂದು ನಿರ್ದಿಷ್ಟ ವರ್ಷದ ಕತ್ತಿಯ ರೂಪ ಲೋಹದಲ್ಲೇ ಅಚ್ಚಾಗಿ ಉಳಿದಿದೆ. ಆ ಪದಕದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ತಮ್ಮ ಮನೆಯ ಕತ್ತಿಯ ಬಾಗನ್ನು ಹೋಲಿಸಿದವರು ಕಡಿಮೆ. ಇನ್ನೂ ಹತ್ತಿರದ ಸಾಕ್ಷ್ಯ ಐನ್‌ಮನೆಯ ಗೋಡೆಯಲ್ಲೇ ಇರುತ್ತದೆ. ಕುಪ್ಯ, ಚೇಲೆ, ಪೀಚೆಕತ್ತಿ ತೊಟ್ಟು ನಿಂತ ಹಿರಿಯರ ಹಳೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಅದೇ ಹಿಡಿ, ಅದೇ ಸರಪಳಿ ಕಾಣುವುದುಂಟು. ಆ ಫೋಟೋ ತೆಗೆದ ವರ್ಷ ಗೊತ್ತಿದ್ದರೆ ಕತ್ತಿ ಅದಕ್ಕಿಂತ ಈಚಿನದಲ್ಲ ಎಂಬ ಗೆರೆ ಸಿಕ್ಕಿತು. ಪಾಲುಪತ್ರದಲ್ಲಿ ಕತ್ತಿಯ ಉಲ್ಲೇಖವಿದ್ದರೆ ಅದು ಇನ್ನೂ ಗಟ್ಟಿ. ಒಕ್ಕದ ಹಿರಿಯರಾದ ಪಟ್ಟೆದಾರರ ನೆನಪನ್ನು ಕೇಳುವಾಗ ‘ಇದು ಎಷ್ಟು ಹಳೆಯದು’ ಎನ್ನುವುದಕ್ಕಿಂತ ‘ಇದನ್ನು ಯಾರ ಸೊಂಟದಲ್ಲಿ ನೋಡಿದ್ದೀರಿ’ ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ರಾಜರು ಬರುತ್ತಾರೆ, ಎರಡನೆಯದಕ್ಕೆ ದೊಡ್ಡಪ್ಪನೋ ಅಜ್ಜನೋ ಬರುತ್ತಾರೆ. ನಮಗೆ ಬೇಕಾದ ಸಾಕ್ಷಿಗಳು ಅವರೇ.

ಕೊಡಗಿನ ಮನೆಗಳಲ್ಲಿ ಜಪಾನಿ ಕತ್ತಿಯೇ ಎದುರಾದರೂ ಅಚ್ಚರಿಪಡಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗಕ್ಕೆ ಹೋದ ಕೊಡಗಿನವರು ಬಹಳ, ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು 1945ರ ಆರಂಭದಲ್ಲಿ ಅರಾಕಾನಿನ ಕಾಂಗಾವ್ ಕದನದಲ್ಲಿ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ಮುನ್ನಡೆಸಿದರು. ಶರಣಾದ ಜಪಾನಿ ಅಧಿಕಾರಿಗಳ ಕತ್ತಿಗಳು ಆಗ ಗೆದ್ದ ಸೈನ್ಯದವರ ಕೈಸೇರಿದವು. ಅಂಥದ್ದು ಕಂಡರೆ ಮೊದಲು ನೋಡಬೇಕಾದದ್ದು ಹಿಡಿಯ ಬಳಿ ಅಲಗಿನ ಮೇಲೆ ಅಂಕಿಗಳಿವೆಯೇ ಎಂದು. ಇದ್ದರೆ ಅದು 1935ರಿಂದ ನಾನ್-ಕಮಿಷನ್ಡ್ ದರ್ಜೆಯವರಿಗೆ ಯಂತ್ರದಲ್ಲಿ ತಯಾರಿಸಿದ ಸರಣಿಯದು. ಅಂಕಿಯಿಲ್ಲದೆ ನಿಜವಾದ ದಾರ ಸುತ್ತಿದ ಹಿಡಿಯಿದ್ದರೆ ಬಿದಿರಿನ ಮೊಳೆ ಜಾಗ್ರತೆಯಿಂದ ತೆಗೆದು ತೊಟ್ಟನ್ನು ನೋಡಬೇಕು. ಅಲ್ಲಿ ಕಾರ್ಖಾನೆಯ ಪುಟ್ಟ ಮುದ್ರೆ ಇದ್ದರೆ ಯುದ್ಧಕಾಲದ ಉತ್ಪಾದನೆ. ಮುದ್ರೆಯಿಲ್ಲದೆ ಕಪ್ಪು ತುಕ್ಕಿನ ಮೇಲೆ ಕೈಕೆತ್ತನೆಯ ಅಕ್ಷರಗಳಿದ್ದರೆ, ವಂಶದ ಹಳೆಯ ಅಲಗಿಗೆ ಸೈನ್ಯದ ಹೊಸ ಹಿಡಿ ಹಾಕಿಕೊಂಡು ಯುದ್ಧಕ್ಕೆ ಬಂದ ಅಧಿಕಾರಿಯ ಕತ್ತಿ ಅದಾಗಿರಬಹುದು. ಆ ತೊಟ್ಟನ್ನು ಉಜ್ಜದೆ, ಎಣ್ಣೆ ಕೂಡ ಹಾಕದೆ ಫೋಟೋ ತೆಗೆದು ತಿಳಿದವರಿಗೆ ತೋರಿಸಬೇಕು.

ಕಾನೂನಿನ ಕಡೆಗೂ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ದಂತದ ಹಿಡಿಯಿದ್ದರೆ ವನ್ಯಜೀವಿ ಕಾಯ್ದೆಯ ಪ್ರಕಾರ ಮಾರಾಟವೇ ನಿಷಿದ್ಧ. 1861ರ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷಕ್ಕೆ ನವೀಕರಣವಾಗಿದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಅದು ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಸೇರಿದ್ದು; ಅವರಿಂದ ಕತ್ತಿ ಕೊಂಡ ಹೊರಗಿನ ಸಂಗ್ರಹಕಾರನಿಗೆ ತಾನಾಗಿ ವರ್ಗವಾಗುವುದಿಲ್ಲ.

ಈ ಕ್ಷೇತ್ರಕ್ಕೆ ಈಗ ಬೇಕಿರುವುದು ಇನ್ನೊಂದು ಹರಾಜು ಪುಸ್ತಕವಲ್ಲ, ಐನ್‌ಮನೆಗಳಲ್ಲಿರುವ ಕತ್ತಿಗಳ ಪಟ್ಟಿ. ಒಂದೊಂದು ಒಕ್ಕವೂ ತನ್ನ ಕತ್ತಿಯ ಉದ್ದ, ಅತಿ ಅಗಲದ ಜಾಗದ ಅಳತೆ, ಬೆನ್ನಿನ ದಪ್ಪ ಮೂರು ಕಡೆ, ತೂಕ, ಹಿಡಿಯ ವಸ್ತು, ತೊಡಂಗಿನ ಒಳಮೈಯ ಫೋಟೋ, ಯಾರಿಂದ ಯಾರಿಗೆ ಬಂತೆಂಬ ಹೆಸರುಗಳು ಇಷ್ಟನ್ನು ಒಂದು ಪುಟದಲ್ಲಿ ಬರೆದಿಡಲಿ. ಮಡಿಕೇರಿ ಕೋಟೆಯೊಳಗಿನ ಹಳೆಯ ಇಗರ್ಜಿಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಅದರ ಒಂದು ಪ್ರತಿ ಹೋಗಲಿ. ಅಂಥ ನೂರು ಪುಟ ಸೇರಿದರೆ ಯಾವ ನಾಡಿನ ಕತ್ತಿ ಹೆಚ್ಚು ಬಾಗಿರುತ್ತದೆ, ಗಿರಣಿ ಉಕ್ಕು ಘಟ್ಟದ ಕಡೆಯಿಂದ ಮೊದಲು ಬಂತೋ ಮೈಸೂರಿನ ಕಡೆಯಿಂದಲೋ ಎಂಬಂಥ ಪ್ರಶ್ನೆಗಳಿಗೆ ಮೊದಲ ಬಾರಿ ಉತ್ತರ ಹುಡುಕಬಹುದು. ಫೋಟೋ ಮಾತ್ರ ಕೈಲ್‌ಪೊಳ್ದಿನ ಶುಚಿ ಕೆಲಸ ಶುರುವಾಗುವ ಮುನ್ನ, ಆಗಸ್ಟ್ ಕೊನೆಯಲ್ಲೇ ತೆಗೆಯಬೇಕು.